ಹದಿನಾಲ್ಕನೇ ತಾರೀಕಿಗೆ ಸೇರಿದವಳ ಸಂಬಳ ಎಷ್ಟು?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಸೀತಾಂಗೋಳಿ ಕಡೆಯ ಕೆಲವು ಅಂಗಡಿ, ಸಣ್ಣ ಕಾರ್ಖಾನೆಗಳಿಗೆ ಸಂಬಳದ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಇಡೀ ತಿಂಗಳು ದುಡಿದವರ ಲೆಕ್ಕದಲ್ಲಿ ತಕರಾರು ಕಡಿಮೆ. ಬರುವುದೆಲ್ಲ ತಿಂಗಳ ನಡುವೆ ಸೇರಿದವರದ್ದು, ನಡುವೆ ಬಿಟ್ಟವರದ್ದು. ಜುಲೈಯಲ್ಲಂತೂ ಇದು ಇದ್ದದ್ದೇ. ಜುಲೈ ನಡುವೆ ಶುರುವಾಗುವ ತುಳು ತಿಂಗಳು ಆಟಿ ಹಿಡಿದ ಮೇಲೆ ಹೊಸ ಕೆಲಸಕ್ಕೆ ಕಾಲಿಡಬಾರದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥವರು ಒಂದನೇ ತಾರೀಕಿಗೆ ಕಾಯದೆ ಆಟಿಗೆ ಮುಂಚೆ ಸೇರಿಬಿಡುತ್ತಾರೆ.

2025ರ ಜುಲೈಯಲ್ಲಿ ಕಾರ್ಖಾನೆಯೊಂದರ ಬಿಲ್ಲಿಂಗಿಗೆ ಹುಡುಗಿಯೊಬ್ಬಳು 14ನೇ ತಾರೀಕು, ಸೋಮವಾರ ಸೇರಿದಳು ಎಂದಿಟ್ಟುಕೊಳ್ಳಿ. ಸಂಬಳ 18,600 ರೂಪಾಯಿ. ಆ ತಿಂಗಳಲ್ಲಿ 31 ದಿನ, ನಾಲ್ಕು ಆದಿತ್ಯವಾರ, ಹಾಗಾಗಿ ಕೆಲಸದ ದಿನ 27. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದದ್ದು 18 ದಿನ. 31ರಲ್ಲಿ 14 ಕಳೆದು 17 ಎಂದು ಬರೆಯಬಾರದು. ಸೇರಿದ ದಿನವೂ ದುಡಿದ ದಿನವೇ, ಅದಕ್ಕೆ ಒಂದು ಕೂಡಿಸಬೇಕು. ಈ 18ರಲ್ಲಿ ಎರಡು ಆದಿತ್ಯವಾರ ಬಿಟ್ಟರೆ ಕೆಲಸಕ್ಕೆ ಬಂದದ್ದು 16 ದಿನ.

ಈಗ ಒಂದು ದಿನದ ಸಂಬಳ ಎಷ್ಟು? ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. 31ರಿಂದ ಭಾಗಿಸಿದರೆ ದಿನಕ್ಕೆ 600, 18 ದಿನಕ್ಕೆ 10,800. ಎಲ್ಲ ತಿಂಗಳಿಗೂ 30 ಎಂದು ಹಿಡಿದರೆ ದಿನಕ್ಕೆ 620, ಒಟ್ಟು 11,160. ಆ ತಿಂಗಳ ಕೆಲಸದ ದಿನ 27ರಿಂದ ಭಾಗಿಸಿ 16ರಿಂದ ಗುಣಿಸಿದರೆ 11,022. ಎಲ್ಲ ತಿಂಗಳಿಗೂ 26 ಎಂದು ಹಿಡಿದು 16 ದಿನಕ್ಕೆ ಕೊಟ್ಟರೆ 11,446. ಈ ನಾಲ್ಕರಲ್ಲಿ ಯಾವುದನ್ನು ಕೊಟ್ಟರೂ ಹುಡುಗಿಗೆ ದೊಡ್ಡ ಅನ್ಯಾಯವಾಗುವುದಿಲ್ಲ.

ಅನ್ಯಾಯ ಆಗುವುದು ಭಾಗಿಸುವಾಗ ಒಂದು ಬಗೆಯ ದಿನ, ಗುಣಿಸುವಾಗ ಇನ್ನೊಂದು ಬಗೆಯ ದಿನ ಹಿಡಿದಾಗ. 31ರಿಂದ ಭಾಗಿಸಿ 600 ಎಂದು ಬರೆದುಕೊಂಡು, ಆಮೇಲೆ ಹಾಜರಿ ಪುಸ್ತಕದ ಟಿಕ್ಕುಗಳನ್ನು ಎಣಿಸಿ 16ರಿಂದ ಗುಣಿಸಿದರೆ ಕೈಗೆ ಬರುವುದು 9,600. ಹುಡುಗಿಗೆ 1,200 ರೂಪಾಯಿ ನಷ್ಟ. ಭಾಗಿಸುವಾಗ ಆದಿತ್ಯವಾರವೂ ಎಣಿಕೆಗೆ ಬಂದು ದಿನದ ದರವನ್ನು ಇಳಿಸಿತು, ಗುಣಿಸುವಾಗ ಅದೇ ಆದಿತ್ಯವಾರವನ್ನು ಬಿಟ್ಟರು. ಯಾರೂ ಬೇಕೆಂದು ಮಾಡುವುದಲ್ಲ, ಆದರೆ ಅತಿ ಹೆಚ್ಚು ನಾನು ಕಂಡಿರುವುದು ಇದೇ. "ಅಣ್ಣಾ, ನನ್ನ ಎರಡು ಆದಿತ್ಯವಾರ ಎಲ್ಲಿ ಹೋಯ್ತು?" ಎಂದು ಕೇಳುವ ಹುಡುಗಿಯ ಪ್ರಶ್ನೆ ಪೂರ್ತಿ ಸರಿ. ಇದರ ಉಲ್ಟಾ, 26ರಿಂದ ಭಾಗಿಸಿ 18ರಿಂದ ಗುಣಿಸಿದರೆ 12,877 ಆಗುತ್ತದೆ. ಆಗ ಯಜಮಾನರ ಗಂಟು ಹೋಯಿತು.

ನಾಲ್ಕು ದಾರಿಗಳಲ್ಲಿ ನಾನು ಹಿಡಿದಿರುವುದು ಮೊದಲನೆಯದನ್ನು: ಆ ತಿಂಗಳಲ್ಲಿ ಎಷ್ಟು ದಿನವೋ ಅಷ್ಟರಿಂದಲೇ ಭಾಗಿಸುವುದು, ಆದಿತ್ಯವಾರ ಸೇರಿಸಿಯೇ ದಿನ ಎಣಿಸುವುದು. ಅದಕ್ಕೆ ಕಾರಣವಿದೆ. ಯಾವ ಸೂತ್ರವನ್ನೇ ಆಗಲಿ ನಾನು ಒಂದು ಪರೀಕ್ಷೆಗೆ ಒಡ್ಡುತ್ತೇನೆ. ಅದೇ ಕುರ್ಚಿಯಲ್ಲಿ ಅದೇ ಸಂಬಳಕ್ಕೆ ಮೊದಲಿದ್ದವರು 13ಕ್ಕೆ ಬಿಟ್ಟರು, ಇವಳು 14ಕ್ಕೆ ಸೇರಿದಳು ಎನ್ನಿ. ಇಬ್ಬರ ಸಂಬಳ ಕೂಡಿದರೆ ಸರಿಯಾಗಿ 18,600 ಬರಬೇಕು. 31ರ ದಾರಿಯಲ್ಲಿ 7,800 ಮತ್ತು 10,800, ಸರಿಹೋಯಿತು. 27ರ ದಾರಿಯಲ್ಲೂ ಸರಿಹೋಗುತ್ತದೆ. 30ರ ದಾರಿಯಲ್ಲಿ 8,060 ಮತ್ತು 11,160 ಕೂಡಿ 19,220 ಆಗುತ್ತದೆ. 26ರ ದಾರಿಯಲ್ಲಿ 19,315. 28 ದಿನದ ಫೆಬ್ರವರಿಯಲ್ಲಿ 30ರಿಂದ ಭಾಗಿಸಿದರೆ ಉಲ್ಟಾ ಕಡಿಮೆ ಬೀಳುತ್ತದೆ: 15ಕ್ಕೆ ಸೇರಿದವರಿಗೆ ಅರ್ಧ ತಿಂಗಳಿಗೆ 9,300 ಸಿಗಬೇಕಾದಲ್ಲಿ 8,680.

27ರ ದಾರಿ ತಪ್ಪಲ್ಲ. ಆದರೆ ನಡುವೆ ಓಣಂ ರಜೆ ಬಂದರೆ, ಒಂದು ಶನಿವಾರ ಅರ್ಧ ದಿನ ಮುಚ್ಚಿದರೆ, ಯಾವುದು ಕೆಲಸದ ದಿನ ಎಂಬ ಚರ್ಚೆ ಶುರುವಾಗುತ್ತದೆ. ಕ್ಯಾಲೆಂಡರಿನ ದಿನಗಳ ಬಗ್ಗೆ ಯಾರೂ ಚರ್ಚೆ ಮಾಡುವುದಿಲ್ಲ. ಒಂದು ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ: ಸಂಬಳವಿಲ್ಲದ ರಜೆ ಒಂದು ದಿನ ಹಾಕಿದರೆ ಜುಲೈಯಲ್ಲಿ 600 ಕಡಿತ, ಫೆಬ್ರವರಿಯಲ್ಲಿ 664. ಇದನ್ನು ಸೇರುವ ದಿನವೇ ಹೇಳಿ, ನೇಮಕದ ಕಾಗದದಲ್ಲಿ ಒಂದು ಸಾಲು ಬರೆಸುತ್ತೇನೆ. ಸೇರಿದವರಿಗೆ, ಬಿಟ್ಟವರಿಗೆ, ರಜೆ ಹಾಕಿದವರಿಗೆ ಒಂದೇ ಭಾಜಕ. ಕಡಿಯುವಾಗ 26, ಕೊಡುವಾಗ 31 ಎನ್ನುವ ಯಜಮಾನರಿಗೆ ನಾನು ಲೆಕ್ಕ ಬರೆದುಕೊಡುವುದಿಲ್ಲ.

ನಡುವೆ ಸಂಬಳ ಏರಿದಾಗಲೂ ಇದೇ ಕ್ರಮ. ಜುಲೈ 16ರಿಂದ 20,150 ಆದರೆ ಮೊದಲ 15 ದಿನ 600ರಂತೆ 9,000, ಉಳಿದ 16 ದಿನ 650ರಂತೆ 10,400; ಒಟ್ಟು 19,400.

ಬಿಡುವವರ ಕೊನೆಯ ತಾರೀಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೋಮವಾರದಿಂದ ಶನಿವಾರದವರೆಗೆ ಪೂರ್ತಿ ದುಡಿದು 12ಕ್ಕೆ ಬಿಟ್ಟರು ಎಂದು ಬರೆದರೆ 13ರ ಆದಿತ್ಯವಾರದ 600 ಹೋಗುತ್ತದೆ. ಆರು ದಿನ ದುಡಿದವರಿಗೆ ಏಳನೆಯ ದಿನ ಸಲ್ಲಬೇಕು ಎನ್ನುವುದು ನನ್ನ ನಿಲುವು. ಹಾಗಾಗಿ ರಾಜೀನಾಮೆ ಪತ್ರದಲ್ಲಿ 13 ಎಂದೇ ಬರೆಯಲು ಅವರಿಗೆ ಹೇಳುತ್ತೇನೆ, ಯಜಮಾನರಿಗೂ ತಿಳಿಸುತ್ತೇನೆ.

ಕಡಿತಗಳ ಲೆಕ್ಕ ಹೀಗೆ ದಿನ ಎಣಿಸಿ ಬಂದ ಸಂಬಳದ ಮೇಲೆ. ಹುಡುಗಿಯ 18,600ರಲ್ಲಿ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) 12,400 ಇದ್ದರೆ 18 ದಿನಕ್ಕೆ 7,200, ಅದರ ಶೇ. 12ರಂತೆ ಪಿಎಫ್ (ಭವಿಷ್ಯ ನಿಧಿ) 864. ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐಗೆ 10,800ರ ಶೇ. 0.75, ಅಂದರೆ 81. ಯಜಮಾನರ ಪಾಲು ಶೇ. 3.25ರಂತೆ 351. ಇಎಸ್‌ಐಗೆ ಸೇರಲು ಸಂಬಳದ ಮಿತಿ 21,000 ಎನ್ನುವುದನ್ನು ಮಾತ್ರ ಇಡೀ ತಿಂಗಳ ದರದ ಮೇಲೆ ನೋಡಬೇಕು. 24,000ಕ್ಕೆ ಸೇರಿದವರಿಗೆ ಮೊದಲ ತಿಂಗಳು 13,000 ಬಂತೆಂದು ಅವರನ್ನು ಇಎಸ್‌ಐಗೆ ಸೇರಿಸುವಂತಿಲ್ಲ. ವೃತ್ತಿ ತೆರಿಗೆಯನ್ನು ದಿನಕ್ಕೆ ಹಂಚುವುದೇ ಇಲ್ಲ. ತಲಪಾಡಿ ಆಚೆ ಮಂಗಳೂರಿನಲ್ಲಿ ದುಡಿದು ಬಂದವರು ತಿಂಗಳು ತಿಂಗಳು ಕಡಿತ ನೋಡಿರುತ್ತಾರೆ. ನಮ್ಮಲ್ಲಿ, ಕೇರಳದಲ್ಲಿ, ಅರ್ಧ ವರ್ಷದ ಆದಾಯ ನೋಡಿ ಪಂಚಾಯತಿಗೆ ಕಟ್ಟುವುದು.

ಐದು ವರ್ಷ ಮುಗಿಸಿ ಬಿಟ್ಟವರು ನಾನು ಬರೆದ ಲೆಕ್ಕದ ಚೀಟಿ ಹಿಡಿದು, "ಸಂಬಳಕ್ಕೆ 31, ಗ್ರಾಚ್ಯುಯಿಟಿಗೆ 26, ಇದು ಹೇಗೆ?" ಎಂದು ಕೇಳುವುದುಂಟು. ಗ್ರಾಚ್ಯುಯಿಟಿ ಎಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಬಿಡುವಾಗ ಸಿಗುವ ಇಡಿಗಂಟು. ಅದರ ಸೂತ್ರ ಕಾನೂನಿನಲ್ಲೇ ಇದೆ: ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ್ದು. 12,400ಕ್ಕೆ 7,154. ಅಲ್ಲಿ 30 ಹಿಡಿದರೆ 6,200 ಮಾತ್ರ ಆಗುತ್ತಿತ್ತು, ಆದ್ದರಿಂದ 26 ಕೆಲಸಗಾರರಿಗೆ ಒಳ್ಳೆಯದೇ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತೆಗೆದುಹಾಕಿದವರಿಗಷ್ಟೇ ಅಲ್ಲ, ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಆಗಬೇಕು. ಮುಂದಿನ ತಿಂಗಳ ಏಳನೇ ತಾರೀಕು ನೋಡೋಣ ಎನ್ನುವ ಹಳೇ ರೂಢಿ ಇನ್ನು ನಡೆಯುವುದಿಲ್ಲ. ಯಾರಾದರೂ ಬಿಡುವ ಪತ್ರ ಕೊಟ್ಟ ದಿನವೇ ನನಗೆ ಫೋನ್ ಮಾಡಿ ಎಂದು ಎಲ್ಲ ಯಜಮಾನರಿಗೂ ಹೇಳಿಟ್ಟಿದ್ದೇನೆ. ಹಾಜರಿ ಪುಸ್ತಕದ ಫೋಟೋ ಮತ್ತು ಬಾಕಿ ಇರುವ ಮುಂಗಡ ಎಷ್ಟೆಂದು ವಾಟ್ಸಾಪಿನಲ್ಲಿ ಬಂದರೆ ಅದೇ ಸಂಜೆ ಚೀಟಿ ತಯಾರು. ಚೀಟಿಯಲ್ಲಿ ಬರೀ ಮೊತ್ತ ಬರೆಯುವುದಿಲ್ಲ. 18,600 ಭಾಗಿಸು 31, ಗುಣಿಸು 13, 7,800 ಎಂದು ಪೂರ್ತಿ ಬರೆದು, ಅದರ ಕೆಳಗೆ ಕಡಿತಗಳನ್ನು ಒಂದೊಂದಾಗಿ ಹಾಕಿ ಅವರ ಕೈಗೇ ಕೊಡುತ್ತೇನೆ.