ಮೊದಲು ನಿದ್ದೆ, ಆಮೇಲೆ ಆಟ: ದಪ್ಪ ಮಕ್ಕಳೊಂದಿಗೆ ನನ್ನ ಅನುಭವ

ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿರುವ ನಾನು, ಒಂಬತ್ತನೆಯ ತರಗತಿಯ ಸುಮಾರು 20 ಸ್ಥೂಲಕಾಯದ ಮಕ್ಕಳಿಗೆ ಆಟಕ್ಕಿಂತ ಮೊದಲು ನಿದ್ದೆಯನ್ನು ಸರಿಪಡಿಸಬೇಕೆಂದಾಗ ಸಹೋದ್ಯೋಗಿಗಳೇ ಒಪ್ಪಲಿಲ್ಲ. “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈಗ ಬೇಗ ಮಲಗಿಸಿ ಎನ್ನುತ್ತೀರಲ್ಲ ಸಾರ್” ಎಂದು ಪೋಷಕರೂ ಆಕ್ಷೇಪಿಸಿದರು. ವರ್ಷ ಮುಗಿಯುವ ಹೊತ್ತಿಗೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಸೊಂಟದ ಸುತ್ತಳತೆ ಇಳಿದಿತ್ತು. ನಮ್ಮ ತಾಲ್ಲೂಕಿನಲ್ಲಿ ಬೇರೆ ಯಾರೂ ಇದನ್ನು ಸಾಧಿಸಿದ್ದನ್ನು ನಾನು ಕಂಡಿಲ್ಲ.

ಅದಕ್ಕೂ ಹಿಂದಿನ ವರ್ಷ ಎಲ್ಲರಂತೆ ಬೆಳಗಿನ ಓಟದಿಂದಲೇ ಆರಂಭಿಸಿದ್ದೆ. ಕುಂದವಾಡ ಕೆರೆಯ ಬಳಿ 6 ಗಂಟೆಗೆ ಸೇರುತ್ತಿದ್ದ ಮಕ್ಕಳು ಎರಡು ಮೂರು ವಾರಗಳಲ್ಲಿ ಬೆರಳೆಣಿಕೆಗೆ ಇಳಿದರು. ಬಂದವರೂ ಆಕಳಿಸುತ್ತ ನಡೆದು, ಹಿಂದಿರುಗುವಾಗ ಬೆಣ್ಣೆ ದೋಸೆ ತಿಂದೇ ಮನೆ ಸೇರುತ್ತಿದ್ದರು. ಆಹಾರದ ಪಟ್ಟಿ ಅಚ್ಚು ಹಾಕಿಸಿ ಹಂಚಲು ಸುಮಾರು 1,500 ರೂಪಾಯಿ, ತೂಕದ ಯಂತ್ರಕ್ಕೆ ಹೆಚ್ಚುಕಡಿಮೆ ಅಷ್ಟೇ ಹಣ ನನ್ನ ಜೇಬಿನಿಂದ ಹೋಯಿತು. ಯಂತ್ರ ಹೊರಬಂದ ದಿನ ದಪ್ಪ ಮಕ್ಕಳು ಪಿ.ಟಿ. ಅವಧಿಗೇ ತಪ್ಪಿಸಿಕೊಳ್ಳುತ್ತಿದ್ದರು.

ದಿನಚರಿ ಕೇಳಿದಾಗ ವಿಷಯ ತಿಳಿಯಿತು. ಸಂಜೆ ಟ್ಯೂಷನ್, ದಾರಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ, 9:30ಕ್ಕೆ ಊಟ, ಹಾಸಿಗೆಯಲ್ಲಿ ಮೊಬೈಲ್, ಕಣ್ಣು ಮುಚ್ಚುವಾಗ 12:30. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಇವರಿಗೆ ದಕ್ಕುತ್ತಿದ್ದದ್ದು ಐದೂವರೆ. ನಿದ್ದೆಗೆಟ್ಟ ಮಗು ಸಿಹಿಯನ್ನೂ ಕರಿದದ್ದನ್ನೂ ಬೇಡುತ್ತದೆ, ಅದಕ್ಕೆ ಆಡಲು ಮೈಬಗ್ಗುವುದಿಲ್ಲ.

ಆದ್ದರಿಂದ ಟ್ಯೂಷನ್ ಮುಗಿದೊಡನೆ ಊಟ, 9:30ಕ್ಕೆ ಮೊಬೈಲ್ ಅಡುಗೆಮನೆಗೆ, 10ಕ್ಕೆ ದೀಪ ಆರಿಸುವುದು, ಉಳಿದ ಓದು ಬೆಳಿಗ್ಗೆ ಎಂದು ಗೊತ್ತುಮಾಡಿದೆ. ತಾಯಂದಿರನ್ನು ಒಪ್ಪಿಸಿದ ಉಪಾಯವನ್ನು ಇನ್ನೊಂದು ತಂಡದ ಮೇಲೆ ಪ್ರಯೋಗಿಸುವ ತನಕ ಹೇಳಲಾರೆ. ತಿಂಗಳೊಪ್ಪತ್ತಿನಲ್ಲಿ ಮಕ್ಕಳೇ ಖೋ-ಖೋ ಆಡೋಣವೆಂದು ಕೇಳತೊಡಗಿದರು, ಸ್ಕಿಪ್ಪಿಂಗ್ ಹಗ್ಗಗಳಿಗೆ ಆದ ಖರ್ಚು 800 ರೂಪಾಯಿಯ ಆಸುಪಾಸು.

ತೂಕದ ಯಂತ್ರದ ಬದಲು ದಾರ ಹಿಡಿದೆ. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಹೊಕ್ಕುಳಿನ ಮಟ್ಟದಲ್ಲಿ ಸುತ್ತಿದಾಗ ತುದಿಗಳು ಕೂಡದಿದ್ದರೆ ಹೊಟ್ಟೆಯ ಬೊಜ್ಜು ಹೆಚ್ಚಿದೆಯೆಂದರ್ಥ. ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ ಅಳೆಯಬೇಕು. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಯದಿದ್ದರೂ, ಎತ್ತರ ಏರುವಾಗ ಅದು ನಿಂತಲ್ಲೇ ನಿಂತರೆ ಸಾಕಾಗುತ್ತದೆ.

ನಡುವೆ ಮಂಡಕ್ಕಿಯ ಮೇಲೂ ಒಂದು ಪ್ರಯೋಗ ನಡೆಸಿದೆ. ಮಂಡಕ್ಕಿಯನ್ನು ದೂರುವುದು ನ್ಯಾಯವಲ್ಲ, ತೊಂದರೆಯಿರುವುದು ಎಣ್ಣೆಯಲ್ಲಿ, ಜೊತೆಗಿನ ಬಜ್ಜಿಯಲ್ಲಿ. ಮೊಳಕೆ ಹೆಸರುಕಾಳು, ಈರುಳ್ಳಿ, ನಿಂಬೆರಸ ಬೆರೆಸಿದ ಮಂಡಕ್ಕಿ ತಟ್ಟೆಗೆ 10 ರೂಪಾಯಿಯೊಳಗೆ ಸಿದ್ಧವಾಯಿತು, ಮಕ್ಕಳು ಉಳಿಸದೆ ತಿಂದರು. ಹೆಸರುಕಾಳಿನ ಬದಲು ಮಡಿಕೆಕಾಳು ಹಾಕಿದಾಗ ಮಾತ್ರ ಮುಟ್ಟಲಿಲ್ಲ.

ನಾಲ್ಕೈದು ಮಕ್ಕಳಲ್ಲಿ ಏನೂ ಬದಲಾಗಲಿಲ್ಲ. ಅವರಲ್ಲಿ ಇಬ್ಬರ ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ, ದಪ್ಪವಾಗಿ, ಉಜ್ಜಿದರೂ ಹೋಗದಂತಿತ್ತು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ ಇದಾಗಿರಬಹುದು. ಅಂಥವರನ್ನು ಮೈದಾನದಲ್ಲೇ ಇಟ್ಟುಕೊಳ್ಳದೆ ಮಕ್ಕಳ ವೈದ್ಯರ ಬಳಿಗೆ ಕಳುಹಿಸಿದ್ದೇನೆ.