ಬೇಸಿಗೆಗೆ ಬರುವ ಪುಟ್ಟ ನೆಂಟರು: ನ್ಯೂಯಾರ್ಕಿನ ಮಗುವನ್ನು ಮನೆಗೆ ಕರೆಯುವುದು ಹೇಗೆ?

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ಜೂನ್ ಕೊನೆಯ ವಾರ ಮುಚ್ಚಿದರೆ ಮತ್ತೆ ತೆರೆಯುವುದು ಸೆಪ್ಟೆಂಬರ್‌ನಲ್ಲಿ. ಈ ಎರಡು ತಿಂಗಳನ್ನು ಬ್ರಾಂಕ್ಸ್, ಬ್ರೂಕ್ಲಿನ್‌ನ ಇಕ್ಕಟ್ಟಾದ ಮನೆಗಳಲ್ಲಿ ಎಷ್ಟೋ ಮಕ್ಕಳು ಟಿ.ವಿ. ಮುಂದೆ ಕಳೆಯುತ್ತಾರೆ. ಹೆತ್ತವರಿಗೆ ರಜೆ ಸಿಗುವುದಿಲ್ಲ, ಪ್ರವಾಸಕ್ಕೆ ಹಣವಿರುವುದಿಲ್ಲ. ಅಲ್ಲಿಂದ ಮೂರು ನಾಲ್ಕು ಗಂಟೆಯ ದಾರಿಯಲ್ಲಿ, ಪೆನ್ಸಿಲ್ವೇನಿಯಾ, ಕನೆಕ್ಟಿಕಟ್, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗಗಳಲ್ಲಿ, ಹಿತ್ತಲು, ಹುಲ್ಲು, ಹಳ್ಳ ಇರುವ ಕಡೆ ನಮ್ಮ ಕನ್ನಡ ಕುಟುಂಬಗಳೂ ನೆಲೆಸಿವೆ. ಬೇಸಿಗೆ ರಜೆ ಬಂತೆಂದರೆ ಅಜ್ಜಿಯ ಊರಿನ ಬಸ್ಸು ಹತ್ತುತ್ತಿದ್ದವರು ನಾವು. ಆ ಸುಖವನ್ನು ಇನ್ನೊಂದು ಮಗುವಿಗೆ ಒಂದೆರಡು ವಾರ ಕೊಡುವ ದಾರಿ ಅಮೆರಿಕದಲ್ಲಿ ಸುಮಾರು ಒಂದೂವರೆ ಶತಮಾನದಿಂದ ಇದೆ.

1877ರಲ್ಲಿ ಪೆನ್ಸಿಲ್ವೇನಿಯಾದ ಶೆರ್ಮನ್ ಎಂಬ ಸಣ್ಣ ಊರಿನ ಪಾದ್ರಿ ವಿಲ್ಲಾರ್ಡ್ ಪಾರ್ಸನ್ಸ್ ತಮ್ಮ ಚರ್ಚಿಗೆ ಬರುವ ರೈತ ಕುಟುಂಬಗಳ ಮುಂದೆ ಒಂದು ಕೋರಿಕೆ ಇಟ್ಟರು: ನ್ಯೂಯಾರ್ಕಿನ ವಠಾರಗಳಲ್ಲಿ ಗಾಳಿ ಬೆಳಕಿಲ್ಲದೆ ಬಳಲುತ್ತಿರುವ ಮಕ್ಕಳನ್ನು ಬೇಸಿಗೆಯಲ್ಲಿ ಮನೆಗೆ ಕರೆಸಿಕೊಳ್ಳಿ. ಕ್ಷಯ ರೋಗ ನಗರವನ್ನು ಕಾಡುತ್ತಿದ್ದ ಕಾಲ ಅದು. 1881ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಬೆಂಬಲ ದೊರೆಯಿತು, 1888ರಲ್ಲಿ 'ಫ್ರೆಶ್ ಏರ್ ಫಂಡ್' ಪ್ರತ್ಯೇಕ ಸಂಸ್ಥೆಯಾಗಿ ನೋಂದಣಿಯಾಯಿತು. ಸಂಸ್ಥೆಯೇ ನಡೆಸುವ ಬೇಸಿಗೆ ಶಿಬಿರಗಳಿಗೆ ಹೋದವರನ್ನೂ ಸೇರಿಸಿ ಈವರೆಗೆ 18 ಲಕ್ಷಕ್ಕೂ ಹೆಚ್ಚು ಮಕ್ಕಳು ಇದರ ಪ್ರಯೋಜನ ಪಡೆದಿದ್ದಾರೆ ಎಂದು ಸಂಸ್ಥೆ ಹೇಳುತ್ತದೆ. ಮನೆಗಳಿಗೆ ಮೊದಲ ಸಲ ಹೊರಡುವ ಮಕ್ಕಳ ವಯಸ್ಸು ಸಾಮಾನ್ಯವಾಗಿ 7ರಿಂದ 12. ಅದೇ ಮನೆಯವರು ಮತ್ತೆ ಕರೆದರೆ ಹದಿಹರೆಯದಲ್ಲೂ ಬರಬಹುದು.

ಇಲ್ಲಿ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಬರುವ ಮಗು ಅನಾಥ ಮಗುವಲ್ಲ. ಅದಕ್ಕೆ ಅಮ್ಮ ಇದ್ದಾಳೆ, ಹಲವು ಮನೆಗಳಲ್ಲಿ ಅಪ್ಪ, ಅಜ್ಜಿ, ತಮ್ಮ ತಂಗಿಯರೂ ಇದ್ದಾರೆ. ಗುರುತು ಪರಿಚಯವಿಲ್ಲದ ಮನೆಗೆ ಮಗುವನ್ನು ಕಳಿಸಲು ಆ ತಾಯಿ ಎದೆ ಗಟ್ಟಿ ಮಾಡಿಕೊಂಡಿದ್ದಾಳೆ. ನಾವು ಮಾಡುವ ಉಪಕಾರಕ್ಕಿಂತ ಅವಳು ಇಟ್ಟ ನಂಬಿಕೆ ದೊಡ್ಡದು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಮನೆಯೊಳಗಿನ ಮಾತುಕತೆ

ಗಂಡ ಹೆಂಡತಿ ಒಪ್ಪಿದರೆ ಸಾಲದು. ನಿಮ್ಮ ಮಕ್ಕಳು ತಮ್ಮ ಕೋಣೆ, ಸೈಕಲ್, ಅಮ್ಮನ ಗಮನ ಎಲ್ಲವನ್ನೂ ಹಂಚಿಕೊಳ್ಳಬೇಕಾಗುತ್ತದೆ. ಅವರಿಗೆ ಮನಸ್ಸಿಲ್ಲದಿದ್ದರೆ ಈ ವರ್ಷ ಬಿಟ್ಟುಬಿಡಿ, ಬಲವಂತ ಬೇಡ. ನಿಮ್ಮ ಮಗುವಿನ ವಯಸ್ಸಿಗೆ ಹತ್ತಿರವಿರುವ ಮಗುವನ್ನು ಕೇಳುವುದು ಒಳ್ಳೆಯದು. ಆಟಕ್ಕೆ ಜೊತೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಷಯವಿದೆ. ಬೇಸಿಗೆಯೆಂದರೆ ಊರಿನಿಂದ ಅತ್ತೆ ಮಾವ, ಅಪ್ಪ ಅಮ್ಮ ಬರುವ ಕಾಲ. ಅವರು ಬಂದಿರುವಾಗಲೇ ಮಗುವೂ ಬರುವುದಾದರೆ ಅರ್ಜಿಯಲ್ಲೇ ತಿಳಿಸಿ. ಮನೆಯಲ್ಲಿರುವ ದೊಡ್ಡವರೆಲ್ಲರ ಹಿನ್ನೆಲೆಯನ್ನು ಸಂಸ್ಥೆ ಪರಿಶೀಲಿಸುತ್ತದೆ. 'ಅವರು ಆರು ತಿಂಗಳಿಗೆ ಮಾತ್ರ ಬಂದವರಲ್ಲವೇ' ಎಂದು ಹೆಸರು ಬಿಡುವುದು ಸರಿಯಲ್ಲ. ಜೊತೆಗೆ, ಹಿರಿಯರ ಹತ್ತಿರ ಕೂತು ಬಿಡಿಸಿ ಮಾತಾಡಿ: ಯಾವ ಮಗು, ಏಕೆ ಬರುತ್ತಿದೆ, ಏನು ಕೇಳಬಾರದು. ಒಮ್ಮೆ ಮನಸ್ಸಿಗೆ ಬಂದರೆ ಅಜ್ಜಿಯರಷ್ಟು ಚೆನ್ನಾಗಿ ಮಗುವನ್ನು ಹಚ್ಚಿಕೊಳ್ಳುವವರು ಇನ್ನಿಲ್ಲ.

ಅರ್ಜಿ, ಮನೆ ಭೇಟಿ, ತಪಾಸಣೆ

ಚಳಿಗಾಲ ಮುಗಿಯುವ ಮೊದಲೇ ವಿಚಾರಿಸಿ. ಯಾವ ಬೇಸಿಗೆಯಲ್ಲಿ ಯಾವ ಊರುಗಳಿಗೆ ಮಕ್ಕಳು ಬರುತ್ತಾರೆ, ಎಷ್ಟು ದಿನ ಇರುತ್ತಾರೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೋವಿಡ್ ಬಂದ 2020ರ ಬೇಸಿಗೆಯಲ್ಲಂತೂ ಈ ಭೇಟಿಗಳೇ ನಿಂತುಹೋಗಿದ್ದವು. ಹಾಗಾಗಿ ಆಯಾ ವರ್ಷದ ಮಾಹಿತಿಯನ್ನು ಸಂಸ್ಥೆಯ ಕಚೇರಿಯಿಂದಲೇ ಪಡೆಯಿರಿ.

ಅರ್ಜಿ ಹಾಕಿದ ಮೇಲೆ ಸ್ವಯಂಸೇವಕರು ಮನೆಗೆ ಬಂದು ನೋಡುತ್ತಾರೆ, ಮಾತಾಡಿಸುತ್ತಾರೆ, ನಿಮ್ಮನ್ನು ಬಲ್ಲವರನ್ನು ವಿಚಾರಿಸುತ್ತಾರೆ. ಇದರಿಂದ ಮುಜುಗರ ಪಡುವವರಿದ್ದಾರೆ. ನಿಮ್ಮ ಮಗಳನ್ನೇ ಗೊತ್ತಿಲ್ಲದ ಮನೆಗೆ ಕಳಿಸುವುದಾದರೆ ಇನ್ನೂ ಎಷ್ಟು ಪ್ರಶ್ನೆ ಕೇಳುತ್ತಿದ್ದಿರಿ ಎಂದು ಯೋಚಿಸಿ. ಮಗುವಿಗೆ ಬೇರೆ ಹಾಸಿಗೆ ಇರಲಿ. ಈಜುಕೊಳವಿದ್ದರೆ ಸುತ್ತ ಬೇಲಿ, ಬೇಲಿಗೆ ಬೀಗ. ಔಷಧಿಗಳು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಆತಿಥ್ಯಕ್ಕೆ ಸಂಭಾವನೆ ಇಲ್ಲ, ಊಟ ತಿಂಡಿಯ ಖರ್ಚು ನಿಮ್ಮದೇ.

ಅಮ್ಮನಿಗೆ ಫೋನು

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮಗು ಯಾರೆಂದು ಗೊತ್ತಾದ ಕೂಡಲೇ ಸಂಸ್ಥೆಯ ಮೂಲಕ ತಾಯಿಯ ಜೊತೆ ಮಾತಾಡಿ. ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಮಗು ಎಲ್ಲಿ ಮಲಗುತ್ತದೆ, ನಾಯಿ ಇದೆಯೇ ಎಂಬುದನ್ನು ನೀವೇ ಮೊದಲು ಹೇಳಿ. ಆಮೇಲೆ ಕೇಳಿ. ಬ್ರಾಂಕ್ಸ್‌ನ ಮಕ್ಕಳಲ್ಲಿ ಅಸ್ತಮಾ ಬಹಳ. ಇನ್ಹೇಲರ್ ಯಾವಾಗ ಬೇಕಾಗುತ್ತದೆ, ಮಗುವಿಗೆ ತಾನೇ ಬಳಸಲು ಬರುತ್ತದೆಯೇ? ಕಡಲೆಕಾಯಿ, ಗೋಡಂಬಿ, ಎಳ್ಳು ಒಗ್ಗದೆ? ಇವು ನಮ್ಮ ಅಡುಗೆಯಲ್ಲಿ ಚಟ್ನಿಪುಡಿಯಿಂದ ಹಿಡಿದು ಪಾಯಸದವರೆಗೆ ಎಲ್ಲೆಲ್ಲೂ ಇರುವುದರಿಂದ ಈ ಪ್ರಶ್ನೆಯನ್ನು ಎರಡು ಸಲ ಕೇಳಿದರೂ ತಪ್ಪಿಲ್ಲ. ರಾತ್ರಿ ದೀಪ ಬೇಕೇ? ಹಾಸಿಗೆ ಒದ್ದೆಯಾಗುವುದುಂಟೆ? ಈಜು ಬರುತ್ತದೆಯೇ?

ಹೆಣ್ಣು ಮಗುವಾದರೆ ಕೂದಲ ಬಗ್ಗೆ ತಪ್ಪದೆ ಕೇಳಿ. ಆಫ್ರಿಕನ್ ಅಮೆರಿಕನ್ ಹುಡುಗಿಯರ ಸಣ್ಣ ಸಣ್ಣ ಜಡೆಗಳನ್ನು ಹೆಣೆಯಲು ಗಂಟೆಗಟ್ಟಲೆ ಹಿಡಿಯುತ್ತದೆ; ಎಷ್ಟೋ ಸಲ ಪ್ರವಾಸಕ್ಕೆಂದೇ ಅಮ್ಮ ಅದನ್ನು ಹೆಣೆಸಿ ಕಳಿಸಿರುತ್ತಾಳೆ. ನಮ್ಮ ಅಜ್ಜಿಯರು ಪ್ರೀತಿಯಿಂದ ಕೊಬ್ಬರಿ ಎಣ್ಣೆ ಹಚ್ಚಿ ತಲೆಗೆ ಎರೆಯಲು ಹೊರಟರೆ ಅದೆಲ್ಲ ಹಾಳು. ಮಲಗುವಾಗ ತಲೆಗೆ ಏನು ಕಟ್ಟಿಕೊಳ್ಳಬೇಕು, ನೀರಿಗಿಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಅಮ್ಮನಿಂದಲೇ ತಿಳಿದು ಬರೆದಿಟ್ಟುಕೊಳ್ಳಿ.

ಬಸ್ಸು ಇಳಿದ ದಿನ

ಮಗು ದಣಿದಿರುತ್ತದೆ, ಹೆದರಿರುತ್ತದೆ. ಸ್ವಾಗತಕ್ಕೆಂದು ನಾಲ್ಕು ಮನೆಯವರನ್ನು ಕರೆದು ಸಂಭ್ರಮ ಮಾಡಬೇಡಿ. ಮನೆಗೆ ಬಂದ ಕೂಡಲೇ ಬಚ್ಚಲು, ಹಾಸಿಗೆ, ಕುಡಿಯುವ ನೀರು, ಕೇಳದೆ ತೆಗೆದುಕೊಂಡು ತಿನ್ನಬಹುದಾದ ಹಣ್ಣು ಬಿಸ್ಕತ್ತು ಎಲ್ಲಿವೆ ಎಂದು ತೋರಿಸಿ. ಅಮ್ಮನಿಗೆ ಫೋನು ಹಚ್ಚಿಕೊಟ್ಟು ನೀವು ಅಲ್ಲಿಂದ ಏಳಿ. ಚಪ್ಪಲಿ ಹೊರಗೆ ಬಿಡುವುದು, ದೇವರ ಕೋಣೆ ಇವನ್ನು ಒಂದೆರಡು ಮಾತಿನಲ್ಲಿ ವಿವರಿಸಿದರೆ ಸಾಕು. ದೀಪ ಹಚ್ಚುವಾಗ ಮಗು ನೋಡಲು ಬಂದರೆ ಬರಲಿ. ಕೈ ಮುಗಿಸುವುದು, ಕುಂಕುಮ ಇಡುವುದು ಬೇಡ. ಆ ಮಗುವಿಗೂ ಒಂದು ಧರ್ಮವಿದೆ, ಅದನ್ನು ಕಲಿಸಿದವರು ಮನೆಯಲ್ಲಿದ್ದಾರೆ.

ಮಗು ಎದುರಿಗಿರುವಾಗ ಮನೆಯವರೆಲ್ಲ ಇಂಗ್ಲಿಷಿನಲ್ಲೇ ಮಾತಾಡಿ. ನಮಗೆ ಇದು ಕಷ್ಟ, ಗೊತ್ತಿದೆ. ಆದರೆ ಊಟಕ್ಕೆ ಕೂತಾಗ ಐದು ಜನ ಅರ್ಥವಾಗದ ಭಾಷೆಯಲ್ಲಿ ನಗುತ್ತಿದ್ದರೆ, ತನ್ನ ಬಗ್ಗೆಯೇ ನಗುತ್ತಿದ್ದಾರೆ ಎಂದು ಎಂಟು ವರ್ಷದ ಯಾವ ಮಗುವಿಗಾದರೂ ಅನಿಸುತ್ತದೆ. ಇಂಗ್ಲಿಷ್ ಬಾರದ ಅಜ್ಜಿ ಕನ್ನಡದಲ್ಲೇ ಮಾತಾಡಲಿ, ಯಾರಾದರೂ ಒಬ್ಬರು ಆಗಿಂದಾಗಲೇ ಅರ್ಥ ಹೇಳಲಿ.

ರಾತ್ರಿಯೇ ಕಷ್ಟದ ಹೊತ್ತು. ಆಂಬುಲೆನ್ಸ್ ಸದ್ದಿನ ನಡುವೆ ನಿದ್ದೆ ಮಾಡಿ ಅಭ್ಯಾಸವಾದವರಿಗೆ ಹಳ್ಳಿಯ ಕಗ್ಗತ್ತಲು, ಜೀರುಂಡೆಯ ಕೂಗು ಭಯ ಹುಟ್ಟಿಸುತ್ತವೆ. ಮೊಗಸಾಲೆಯಲ್ಲಿ ಒಂದು ದೀಪ ಉರಿಯುತ್ತಿರಲಿ, ನಿಮ್ಮ ಕೋಣೆಯ ಬಾಗಿಲು ಯಾವುದೆಂದು ಗೊತ್ತಿರಲಿ. ಮಗು ಅತ್ತರೆ 'ಅಳಬೇಡ' ಎನ್ನಬೇಡಿ, ಹತ್ತಿರ ಕೂತುಕೊಳ್ಳಿ. ಮೊದಲ ಎರಡು ಮೂರು ರಾತ್ರಿ ಕಳೆದರೆ ಹೆಚ್ಚಿನ ಮಕ್ಕಳು ಹೊಂದಿಕೊಳ್ಳುತ್ತಾರೆ. ಸಮಾಧಾನವೇ ಆಗದಿದ್ದರೆ ತಾಯಿಗೂ ಸ್ವಯಂಸೇವಕರಿಗೂ ತಿಳಿಸಿ. ಮನೆಗೆ ಮರಳುವುದು ಮಗುವಿನ ಸೋಲೂ ಅಲ್ಲ, ನಿಮ್ಮ ಸೋಲೂ ಅಲ್ಲ.

ಊಟ

ಇಲ್ಲಿ ನಮಗೆ ಒಂದು ಅನುಕೂಲವಿದೆ. ನ್ಯೂಯಾರ್ಕಿನಲ್ಲಿ ಕೆರಿಬಿಯನ್ ದ್ವೀಪಗಳ ಮೂಲದ ಡೊಮಿನಿಕನ್, ಪೋರ್ಟೊ ರಿಕನ್ ಕುಟುಂಬಗಳು ಬಹಳ. ಅವರ ದಿನದ ಊಟ ಅನ್ನ ಮತ್ತು ಬೇಯಿಸಿದ ಕಾಳು. ಬಾಳೆಕಾಯಿಯನ್ನು ಹೆಚ್ಚಿ ಎಣ್ಣೆಯಲ್ಲಿ ಕರಿಯುವುದೂ ಅವರಿಗೆ ಗೊತ್ತು. ಖಾರ ಕಡಿಮೆ ಮಾಡಿ ರಾಜ್ಮಾ, ಅನ್ನ, ಬಾಳೆಕಾಯಿ ಬಜ್ಜಿ ಇಟ್ಟು ನೋಡಿ. ದೋಸೆಯನ್ನು ಬೇಡವೆಂದ ಮಕ್ಕಳು ಕಡಿಮೆ. ಹಾಗೆಂದು ಎರಡು ವಾರ ಹುಳಿ, ಪಲ್ಯವನ್ನೇ ಬಡಿಸಬೇಡಿ. ಮಗು ಮನೆಯಲ್ಲಿ ತಿನ್ನುವ ಸೀರಿಯಲ್, ಬ್ರೆಡ್ಡು ತಂದಿಡಿ. ನಿಮ್ಮದು ಸಸ್ಯಾಹಾರಿ ಮನೆಯಾದರೆ ಅರ್ಜಿಯಲ್ಲೂ ತಾಯಿಗೂ ಮೊದಲೇ ಹೇಳಿ. ಮುಸ್ಲಿಂ ಮನೆಯ ಮಗುವಾದರೆ ಹಂದಿ ಮಾಂಸ ಮಾತ್ರವಲ್ಲ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್ ಇರುವ ಮಿಠಾಯಿಗಳನ್ನೂ ನೋಡಿ ಕೊಡಬೇಕು.

ನೀರು, ಉಣ್ಣಿ, ಕಾರು

ಈಜು ಬರುತ್ತದೆ ಎಂದು ಮಗು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲುವುದನ್ನೇ ಈಜು ಎಂದುಕೊಂಡ ಮಕ್ಕಳಿದ್ದಾರೆ. ಕೊಳವಾಗಲಿ ಕೆರೆಯಾಗಲಿ, ಕೈಗೆಟುಕುವ ದೂರದಲ್ಲಿ ದೊಡ್ಡವರೊಬ್ಬರು ಇರಲೇಬೇಕು, ಮೊಬೈಲ್ ದಡದ ಚೀಲದಲ್ಲಿರಲಿ. ದೋಣಿಯಲ್ಲಿ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕಡ್ಡಾಯ.

ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದಾಗಿ ಉಣ್ಣಿಯ ಭಯ ಹೊಸತಲ್ಲ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಉಣ್ಣಿ ಹರಡುವುದು ಲೈಮ್ ಕಾಯಿಲೆಯನ್ನು. ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಹೆಸರೇ ಅದಕ್ಕೆ ಬಂದಿದೆ. ಕಚ್ಚಿದ ಉಣ್ಣಿಯಿಂದ ರೋಗಾಣು ದೇಹಕ್ಕಿಳಿಯಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಪ್ರತಿ ಸಂಜೆ ನೋಡಿದರೆ ಅಪಾಯ ಬಹಳ ತಗ್ಗುತ್ತದೆ. ಬೇರೆಯವರ ಮಗುವಿನ ಮೈ ನೋಡುವುದು ಸೂಕ್ಷ್ಮ ವಿಷಯ. ತಾಯಿಗೆ ಮೊದಲೇ ವಿವರಿಸಿ. ಸ್ನಾನದ ಹೊತ್ತಿಗೆ ಕಂಕುಳು, ಮೊಣಕಾಲ ಹಿಂಭಾಗ, ಸೊಂಟದ ಸುತ್ತ ತಾನೇ ಕನ್ನಡಿಯಲ್ಲಿ ನೋಡಿಕೊಳ್ಳಲು ಕಲಿಸಿ; ತಲೆ, ಕತ್ತು, ಕಿವಿಯ ಹಿಂದೆ ಮಾತ್ರ ನೀವು ನೋಡಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲೇ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಎಣ್ಣೆ, ಬೆಂಕಿಕಡ್ಡಿ ಬೇಡ.

ನಗರದ ಎಷ್ಟೋ ಮಕ್ಕಳಿಗೆ ಕಾರಿನ ಅಭ್ಯಾಸವಿಲ್ಲ, ಸಬ್‌ವೇ, ಬಸ್ಸುಗಳಲ್ಲೇ ಓಡಾಡಿದವರು. 8 ವರ್ಷ ತುಂಬದವರಿಗೆ ಬೂಸ್ಟರ್ ಸೀಟು (ಸೀಟ್ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಆಸನ) ತಂದಿಟ್ಟಿರಿ.

ದಿನಗಳನ್ನು ತುಂಬಿಸುವುದು

ದುಬಾರಿ ಥೀಮ್ ಪಾರ್ಕುಗಳ ಪಟ್ಟಿ ಮಾಡಬೇಡಿ. ಸಂಜೆ ಹುಲ್ಲಿನ ಮೇಲೆ ಹಾರುವ ಮಿಂಚುಹುಳು, ಸೈಕಲ್ ಕಲಿಯುವುದು, ಹಿತ್ತಲಿನ ಟೊಮೆಟೊ ಕೀಳುವುದು, ಜುಲೈನಲ್ಲಿ ತೋಟಕ್ಕೆ ಹೋಗಿ ಬ್ಲೂಬೆರಿ ಬಿಡಿಸುವುದು, ಊರಿನ ಗ್ರಂಥಾಲಯ, ಹಳ್ಳದಲ್ಲಿ ಕಾಲಿಳಿಬಿಟ್ಟು ಕೂರುವುದು: ಮಕ್ಕಳಿಗೆ ಹಿಡಿಸುವುದು ಇವೇ. ನಿಮ್ಮ ಮಕ್ಕಳಿಗೆ ತಟ್ಟೆ ಎತ್ತಿಡುವ ನಿಯಮವಿದ್ದರೆ ಈ ಮಗುವಿಗೂ ಇರಲಿ. ಕೆಲಸ ಹಂಚಿಕೊಂಡಾಗ ಮನೆ ತನ್ನದೆನಿಸುತ್ತದೆ. ತಪ್ಪು ಮಾಡಿದರೆ ಕೂರಿಸಿಕೊಂಡು ಹೇಳಿ. ಕೈ ಎತ್ತುವುದು ಯಾವ ಕಾರಣಕ್ಕೂ ಇಲ್ಲ.

ಈಗ ಬಣ್ಣದ ವಿಷಯ. ಬರುವ ಮಕ್ಕಳಲ್ಲಿ ಹೆಚ್ಚಿನವರು ಕಪ್ಪು ಅಥವಾ ಲ್ಯಾಟಿನೊ ಕುಟುಂಬದವರು, ಕರೆಯುವ ಮನೆಗಳಲ್ಲಿ ಬಹುಪಾಲು ಬಿಳಿಯರದು. 'ನಿಮ್ಮ ಮನೆ ಕೀಳು, ಇವರ ಮನೆ ಮೇಲು' ಎಂದು ಇದು ಮಕ್ಕಳ ತಲೆಗೆ ತುಂಬುತ್ತದೆ ಎಂಬ ಟೀಕೆ ಕಪ್ಪು ಸಮುದಾಯದೊಳಗಿನಿಂದಲೇ ಹಿಂದೆ ಬಂದಿತ್ತು. ಆ ಟೀಕೆಯಲ್ಲಿ ಹುರುಳಿದೆ. ನಾವು ಬಿಳಿಯರಲ್ಲ ಎಂಬ ಕಾರಣಕ್ಕೆ ನಮಗೆ ವಿನಾಯಿತಿ ಸಿಗದು. ಮೈಬಣ್ಣದ ಬಗ್ಗೆ ನಮ್ಮವರು ಸಲೀಸಾಗಿ ಆಡುವ ಮಾತುಗಳು ನಮಗೆಲ್ಲ ಗೊತ್ತು. ಕನ್ನಡ ಕೂಟದ ಪಿಕ್ನಿಕ್‌ಗೆ ಮಗುವನ್ನು ಕರೆದೊಯ್ಯುವ ಮುನ್ನ ಸ್ನೇಹಿತರಿಗೆ ಹೇಳಿಡಿ: ಇವಳು ನಮ್ಮ ಮನೆಗೆ ಬಂದ ನೆಂಟಳು, ಅಷ್ಟೇ. 'ಪಾಪ' ಎಂಬ ಉದ್ಗಾರ ಬೇಡ, 'ನಿಮ್ಮ ಅಪ್ಪ ಏನು ಮಾಡುತ್ತಾರೆ' ಎಂಬ ವಿಚಾರಣೆ ಬೇಡ. ಮಗುವಿನ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ಮಗು ತನ್ನ ಬೀದಿ, ತನ್ನ ಗೆಳೆಯರು, ತಾನು ಬಲ್ಲ ಸಬ್‌ವೇ ದಾರಿಗಳ ಬಗ್ಗೆ ಹೇಳತೊಡಗಿದರೆ ಕಿವಿಗೊಡಿ. ನಿಮ್ಮ ಮಕ್ಕಳಿಗೆ ಗೊತ್ತಿಲ್ಲದ ಒಂದು ಊರನ್ನು ಅದು ಬಲ್ಲದು.

ಕರ್ನಾಟಕದಲ್ಲಿರುವ ಓದುಗರಿಗೆ ಒಂದು ಮಾತು. ಬಾಲಮಂದಿರದ ಮಗುವನ್ನು ರಜೆಗೆ ಮನೆಗೆ ಕರೆತರಬೇಕೆಂಬ ಆಸೆಯಿದ್ದರೆ ಸಂಸ್ಥೆಯವರ ಬಾಯಿಮಾತಿನ ಒಪ್ಪಿಗೆ ಸಾಲದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಆ ಮಕ್ಕಳ ಬಗ್ಗೆ ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಹೊರಡುವ ಹೊತ್ತು, ಆಮೇಲೆ

ಪೆಟ್ಟಿಗೆ ತುಂಬ ಉಡುಗೊರೆ ಕಳಿಸಬೇಡಿ. ತಾನು ಕೊಡಿಸಲಾಗದ್ದನ್ನು ಯಾರೋ ಕೊಡಿಸಿದರೆಂದು ತಾಯಿಯ ಮನಸ್ಸು ಮುದುಡುತ್ತದೆ, ಮನೆಯಲ್ಲಿರುವ ತಮ್ಮ ತಂಗಿಯರ ನಡುವೆ ಜಗಳ ಹುಟ್ಟುತ್ತದೆ. ಅಚ್ಚು ಹಾಕಿಸಿದ ಕೆಲವು ಫೋಟೊ, ಮಗು ಕೈಯಾರೆ ಬಿಡಿಸಿದ ಹಣ್ಣಿನಿಂದ ಮಾಡಿದ ಒಂದು ಶೀಶೆ ಜಾಮ್ ಸಾಕು. ಒಗೆದು ಮಡಿಸಿದ ಬಟ್ಟೆ, ಉಳಿದ ಔಷಧಿ, ಉಣ್ಣಿ ಕಚ್ಚಿದ್ದರೆ ಆ ದಿನಾಂಕ ಬರೆದ ಚೀಟಿ ಚೀಲದಲ್ಲಿರಲಿ; ಮುಂದಿನ ವಾರಗಳಲ್ಲಿ ಜ್ವರವೋ ಕೆಂಪು ಗುರುತೋ ಕಂಡರೆ ವೈದ್ಯರಿಗೆ ಅದು ಬೇಕಾಗುತ್ತದೆ.

ಮುಂದಿನ ವರ್ಷ ಮತ್ತೆ ಕರೆಯುತ್ತೇವೆ ಎಂಬ ಮಾತನ್ನು ಬಸ್ಸಿನ ಬಾಗಿಲಲ್ಲಿ, ಕಣ್ಣೀರಿನ ನಡುವೆ ಕೊಡಬೇಡಿ. ಮನೆಯವರೆಲ್ಲ ಕೂತು ಮಾತಾಡಿ ನಿರ್ಧರಿಸಿದ ಮೇಲೆ ಮೊದಲು ತಾಯಿಗೆ ಹೇಳಿ, ಅವಳು ಒಪ್ಪಿದರೆ ಮಗುವಿಗೆ. ನಡುವೆ ಹುಟ್ಟುಹಬ್ಬಕ್ಕೆ ಒಂದು ಫೋನು, ದೀಪಾವಳಿಗೋ ಕ್ರಿಸ್‌ಮಸ್‌ಗೋ ಒಂದು ಕಾಗದ ಇರಲಿ. ಮತ್ತೆ ಕರೆಯುವುದು ಖಚಿತವಾದರೆ ಸಂಸ್ಥೆಗೂ ಬೇಗನೆ ತಿಳಿಸಿ. ಅದೇ ಮಗುವನ್ನು ನಿಮ್ಮ ಮನೆಗೇ ಕಳಿಸಲು ಅವರು ಮೊದಲೇ ವ್ಯವಸ್ಥೆ ಮಾಡಬೇಕಾಗುತ್ತದೆ.