ಸ್ಮಿಂ ಬಯನ್ ಕಥೆಯನ್ನು ನಾನು ಮಕ್ಕಳಿಗೆ ಹೇಳುವ ಬಗೆ

ಹೈಸ್ಕೂಲು ಮಕ್ಕಳಿಗೆ ನಾನು ಬೇರೆ ದೇಶಗಳ ಇತಿಹಾಸದ ಕಥೆ ಹೇಳುತ್ತೇನೆ. ಅದರಲ್ಲಿ ಬರ್ಮಾದ ಸ್ಮಿಂ ಬಯನ್ ಕಥೆ ನನಗೆ ತುಂಬ ಇಷ್ಟ. ಅವನು ಪೆಗು ರಾಜ್ಯದ ಅರಸ, ಮೊನ್ ಜನಾಂಗದ ರಜಾದರಿತ್‌ನ ದಂಡಿನ ನಾಯಕ. ಸೆರೆಸಿಕ್ಕಿದ್ದು ಶತ್ರು ರಾಜ್ಯ ಅವಾದ ಅರಸ ಮಿಂಖಾಂಗನಿಗೆ. ಆಮೇಲೆ ಹೋರಾಡಿದ್ದು ಅದೇ ಶತ್ರುವಿನ ಪರ!

ಮೊದಲು ಬೋರ್ಡಿನ ಮೇಲೆ ಐರಾವತಿ ನದಿ ಬರೆಯುತ್ತೇನೆ. ಮೇಲುಗಡೆ ಅವಾ, ಕೆಳಗೆ ನದಿಯ ಪೂರ್ವಕ್ಕೆ ಪೆಗು. 1385ರಿಂದ 1424ರವರೆಗೆ ಇಬ್ಬರದೂ ಯುದ್ಧ. ಒಂದೊಂದು ದಂಡಯಾತ್ರೆಯನ್ನೂ ಹೇಳಲು ಹೋಗುವುದಿಲ್ಲ. ಹೆಸರು ಜಾಸ್ತಿಯಾದರೆ ಮಕ್ಕಳು ದಾರಿ ತಪ್ಪುತ್ತಾರೆ. ಇದು ಮೊನ್ನರ ವೃತ್ತಾಂತದಲ್ಲಿ ಬರುವ ಕಥೆ ಎಂದು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ.

ನಾನು ನಿಧಾನ ಮಾಡುವುದು ಒಂದೇ ಕಡೆ. ಚೀನಾದ ಸೇನೆ ಅವಾವನ್ನು ಮುತ್ತಿದೆ. ಎರಡೂ ಕಡೆಯಿಂದ ಒಬ್ಬೊಬ್ಬ ಕುದುರೆ ಸವಾರ ಕಾದಲಿ ಎಂದು ಮಾತಾಗುತ್ತದೆ. ಚೀನಾದ ವೀರನ ಹೆಸರು ಗಾಮಣಿ. ಅವನೆದುರು ನಿಲ್ಲಲು ಅವಾದವರು ಯಾರೂ ಬರುವುದಿಲ್ಲ. ಸೆರೆಯಲ್ಲಿದ್ದ ಸ್ಮಿಂ ಬಯನ್ ಯೋಚಿಸುತ್ತಾನೆ. ಇವತ್ತು ಅವಾ ಬಿದ್ದರೆ ನಾಳೆ ನಮ್ಮ ಪೆಗುವಿನ ಸರದಿ, ಅಲ್ವಾ? ಇಲ್ಲಿ ಕಥೆ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ದ್ರೋಹ ಅನ್ನುವವರಿರುತ್ತಾರೆ, ಜಾಣತನ ಅನ್ನುವವರೂ ಇರುತ್ತಾರೆ. ನಾನು ಎರಡನೆಯವರ ಕಡೆ. ಅವನು ಅಲ್ಲಿ ಕತ್ತಿ ಎತ್ತಿದ್ದು ತನ್ನವರ ಮೇಲಲ್ಲ.

ಕಾಳಗವನ್ನು ನಿಂತುಕೊಂಡೇ ಹೇಳುತ್ತೇನೆ. ಗಾಮಣಿಗೆ ಮೈತುಂಬ ಕವಚ. ಸುಮ್ನೆ ನುಗ್ಗಿದರೆ ಏನೂ ನಾಟುವುದಿಲ್ಲ. ಮೊದಲು ಸವಾರಿಯ ವರಸೆ ತೋರಿಸೋಣ ಎಂದು ಸ್ಮಿಂ ಬಯನ್ ಕರೆಯುತ್ತಾನೆ. ಗಾಮಣಿ ತೋಳೆತ್ತುತ್ತಾನೆ. ಕಂಕುಳ ಕೆಳಗೆ ಕವಚದಲ್ಲಿ ಸಂದು ಕಾಣುತ್ತದೆ. ಆಗ ನಾನೂ ತೋಳೆತ್ತಿ ಆ ಜಾಗ ತೋರಿಸುತ್ತೇನೆ. ಮಕ್ಕಳು ಈಟಿ ತಾಗುವ ಮೊದಲೇ ಕೂಗಿಬಿಡುತ್ತಾರೆ. ಗಾಮಣಿ ಬಿದ್ದ ಮೇಲೆ ಚೀನಾದ ಸೇನೆ ಹಿಂದಿರುಗುತ್ತದೆ.

ದೊಡ್ಡ ಮಕ್ಕಳಿದ್ದರೆ ಬಿನ್ಯ ದಲನನ್ನೂ ಕರೆತರುತ್ತೇನೆ. ಈ ವೃತ್ತಾಂತವನ್ನು 16ನೇ ಶತಮಾನದಲ್ಲಿ ಬರ್ಮೀ ಭಾಷೆಗೆ ತಂದವನು ಅವನು. ಅವನೂ ಮೊನ್, ಸೇನಾನಿಯಾಗಿದ್ದದ್ದು ಬರ್ಮೀ ಅರಸ ಬಯಿನ್ನೌಂಗ್ ಬಳಿ. ಸ್ಮಿಂ ಬಯನ್‌ನ ಇಕ್ಕಟ್ಟು ಅವನಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು! 1785ರಲ್ಲಿ ಇದೇ ವೃತ್ತಾಂತ ಥಾಯ್ ಭಾಷೆಗೂ ಹೋಯಿತು. ಅಲ್ಲಿ ಅವಾದ ಅರಸ ಸ್ಮಿಂ ಬಯನ್‌ಗೆ ಮಗಳನ್ನು ಕೊಡುತ್ತಾನೆ. ಮುಂದೊಂದು ದಿನ ಅವನ ಮಗುವನ್ನು ಸೆರೆಯಾಳಿನ ಮಗ ಎಂದುಬಿಡುತ್ತಾರೆ. ಅವನು ಪೆಗುವಿಗೆ ಓಡಿಹೋಗುತ್ತಾನೆ. ಸಮಯ ಉಳಿದರೆ ಇದನ್ನೂ ಹೇಳದೆ ನಾನು ಬಿಡುವುದಿಲ್ಲ.